ಬೊಂಬೆಯ ಅಳತೆ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆಟದ ಬೊಂಬೆಯ ವಿಷಯ ಬರೆದರೆ ಕೆಲವು ಮಿತ್ರರು ನಕ್ಕಾರು. ನಗಲಿ. ಅಸಂಖ್ಯಾತ ಮಕ್ಕಳ ಕೈಸೇರುವ ಒಂದು ವಸ್ತುವಿನ ಗಾತ್ರವನ್ನು ಗೊತ್ತುಮಾಡುವವರು ಯಾರು, ಯಾವ ಕಾರಣದಿಂದ ಎಂಬುದು ವಿಚಾರಾರ್ಹವಾದ ಪ್ರಶ್ನೆಯೇ ಸರಿ.

1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪೆನಿ ‘ಜಿ. ಐ. ಜೋ’ ಎಂಬ ಸೈನಿಕನ ಬೊಂಬೆಯನ್ನು ಹೊರತಂದಿತು. ಬೊಂಬೆಯೆಂದರೆ ಗಂಡುಹುಡುಗರು ನಾಚಿಯಾರೆಂದು ಅದನ್ನು ‘ಆಕ್ಷನ್ ಫಿಗರ್’ ಎಂದು ಕರೆದರು. ಎತ್ತರ ಸುಮಾರು 12 ಅಂಗುಲ. ಎಂದರೆ ಆರಡಿ ಆಳಿನ ಆರನೆಯ ಒಂದು ಪಾಲು. 1959ರ ಬಾರ್ಬಿಯೂ ಹೆಚ್ಚುಕಡಿಮೆ ಇಷ್ಟೇ ಎತ್ತರ. ಈ ಗಾತ್ರದ ಬೊಂಬೆಗೆ ನಿಜವಾದ ಬಟ್ಟೆ ತೊಡಿಸಿ ಬಿಚ್ಚಬಹುದು. ಬೊಂಬೆಯನ್ನು ಒಮ್ಮೆ ಮಾರಿ, ಉಡುಪನ್ನು ಮತ್ತೆ ಮತ್ತೆ ಮಾರಬಹುದು.

1978ರಲ್ಲಿ ಕೆನ್ನರ್ ಕಂಪೆನಿ ‘ಸ್ಟಾರ್ ವಾರ್ಸ್’ ಚಲನಚಿತ್ರದ ಪಾತ್ರಗಳನ್ನು ಕೇವಲ 3¾ ಅಂಗುಲಕ್ಕೆ ಇಳಿಸಿತು. ಏಕೆ? ಆ ಚಿತ್ರದಲ್ಲಿ ಆಳುಗಳಷ್ಟೇ ಆಕಾಶನೌಕೆಗಳೂ ಮುಖ್ಯ. ಲೆಕ್ಕ ಹಾಕಿ ನೋಡೋಣ. 15 ಅಡಿ ಉದ್ದದ ಮೋಟಾರು, ಆರನೆಯ ಒಂದು ಪಾಲಿನ ಅಳತೆಯಲ್ಲಿ 30 ಅಂಗುಲವಾಗುತ್ತದೆ; ಹದಿನೆಂಟನೆಯ ಒಂದು ಪಾಲಿನಲ್ಲಿ 10 ಅಂಗುಲ ಮಾತ್ರ. ಮೊದಲನೆಯದನ್ನು ಕೊಳ್ಳುವವರೆಷ್ಟು ಮಂದಿ, ಇಡುವುದಾದರೂ ಎಲ್ಲಿ? ಆಕಾರ ಒಂದೇ ಆಗಿದ್ದರೆ 12 ಅಂಗುಲದ ಬೊಂಬೆಗೆ ಬೇಕಾಗುವ ಪ್ಲಾಸ್ಟಿಕ್ಕಿನಲ್ಲಿ 3¾ ಅಂಗುಲದವು ಮೂವತ್ತಕ್ಕೂ ಹೆಚ್ಚು ಆಗುತ್ತವೆ. 1973ರ ತೈಲದ ಬಿಕ್ಕಟ್ಟಿನಿಂದ ಪ್ಲಾಸ್ಟಿಕ್ಕಿನ ಬೆಲೆಯೂ ಏರಿತ್ತು. 1982ರಲ್ಲಿ ಜೋ ಮಹಾಶಯನೇ 3¾ ಅಂಗುಲದವನಾಗಿ, ಜೀಪು ಟ್ಯಾಂಕುಗಳ ಸಮೇತ ಮರಳಿ ಬಂದನು.

ಇದೆಲ್ಲ ಬರಿಯ ಲಾಭಕೋರತನವೆಂದು ಕೆಲವರು ಹಳಿಯಬಹುದು. ನಾನು ಹಾಗೆನ್ನಲಾರೆ. ದೊಡ್ಡ ಬೊಂಬೆ ಮಗುವಿಗೆ ಒಬ್ಬ ವೀರನನ್ನು ಕೊಟ್ಟರೆ, ಚಿಕ್ಕ ಬೊಂಬೆ ಒಂದು ಪ್ರಪಂಚವನ್ನೇ ಕೊಡುತ್ತದೆ. ಸಾಧಾರಣ ಮನೆಯ ನಡುಮನೆಯಲ್ಲಿ ಕೋಟೆ, ದಂಡು, ರಥ ಎಲ್ಲವೂ ಹಿಡಿಸುತ್ತವೆ.

ನನ್ನ ಆಕ್ಷೇಪಣೆ ಬೇರೆ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮನು ಹಬ್ಬದ ದುಡ್ಡು ಕೂಡಿಟ್ಟು ಒಂದು ಆಟದ ಜೀಪು ಕೊಂಡು ತಂದ. ಅದೇ ಕಂಪೆನಿಯದು, ಅದೇ ಕಥೆಯದು. ಆದರೆ ಅಳತೆಯನ್ನು ನಡುವೆ ಬದಲಾಯಿಸಿದ್ದರು. ಅವನ ಹಳೆಯ ಸಿಪಾಯಿಯ ಮೊಣಕಾಲು ಒಳಗೆ ಹೋಗಲೇ ಇಲ್ಲ. ಹುಡುಗ ಅಳಲಿಲ್ಲ, ಸಿಪಾಯಿಯನ್ನು ಸುಮ್ಮನೆ ಪೆಟ್ಟಿಗೆಯೊಳಗಿಟ್ಟ.

ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ರಾಜನಿಗಿಂತ ಶೆಟ್ಟಿ ದೊಡ್ಡವನಾದರೂ ಬಾಧಕವಿಲ್ಲ. ಅದು ನೋಡುವ ಬೊಂಬೆ. ಆಡುವ ಬೊಂಬೆಯ ಮಾತು ಬೇರೆ. ಅಲ್ಲಿ ಅಳತೆಯೆಂಬುದು ಕಂಪೆನಿಯು ಮಗುವಿಗೆ ಕೊಟ್ಟ ಭಾಷೆ: ‘ಇಂದು ಕೊಂಡದ್ದು ನಾಳೆ ಬರುವುದರೊಡನೆ ಹೊಂದುತ್ತದೆ’ ಎಂಬ ಭಾಷೆ. ಲಾಭ ನೋಡಿಯೇ ಅಳತೆಯನ್ನು ಆರಿಸಲಿ. ಆರಿಸಿದ ಮೇಲೆ ಅದನ್ನು ಉಳಿಸಿಕೊಳ್ಳಲಿ. ದೊಡ್ಡವರು ಮಾತು ತಪ್ಪುತ್ತಾರೆಂಬ ಪಾಠವನ್ನು ಮಗುವಿಗೆ ಆಟಿಕೆಯ ಅಂಗಡಿಯೇ ಕಲಿಸಬೇಕಾಗಿಲ್ಲ.