ಗೃಹಸ್ಥರಿಗೆ ನ್ಯಾಯವಿಚಾರ: ಬಾಡಿಗೆಯ ಕಾರು ಅಪಘಾತಕ್ಕೀಡಾದರೆ ಹೊಣೆ ಯಾರದು?

ಹೆಗ್ಗಡದೇವನಕೋಟೆಯಿಂದ ಅಂತರಸಂತೆಯ ಮೇಲೆ ಕಾಕನಕೋಟೆಯ ಕಾಡನ್ನು ಹಾದು ಬಾವಲಿಗೆ ಹೋಗುವ ದಾರಿಯು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ ಸರಿ. 1971ರವರೆಗೂ ಖೆಡ್ಡಾಗಳಿಂದ ಹೆಸರಾಗಿದ್ದ ಆ ಕಾಡು ಈಗ ನಾಗರಹೊಳೆಯ ಹುಲಿ ರಕ್ಷಿತಾರಣ್ಯಕ್ಕೆ ಸೇರಿದೆ. ಸಂಜೆ ಆರು ಗಂಟೆಯಿಂದ ಬೆಳಿಗ್ಗೆ ಆರರವರೆಗೆ ಆ ದಾರಿ ವಾಹನಗಳಿಗೆ ಮುಚ್ಚಿರುವುದು. ಆದಕಾರಣ ಹೊತ್ತು ಇಳಿಯುತ್ತಲೇ ಡ್ರೈವರುಗಳಿಗೆ ಅವಸರ ಹುಟ್ಟುತ್ತದೆ. ಅವಸರದಿಂದ ಆಗತಕ್ಕ ಅನರ್ಥವನ್ನು ನಾವು ವಿವರಿಸಬೇಕಾದುದಿಲ್ಲ.

ಹೀಗೊಂದು ಸಂದರ್ಭವನ್ನು ಊಹಿಸೋಣ. ಒಬ್ಬ ಗೃಹಸ್ಥರು ಮೊಬೈಲಿನ ಮೂಲಕ ಗೊತ್ತುಮಾಡಿದ ಕಾರಿನಲ್ಲಿ ಅಪರಿಚಿತರಿಬ್ಬರೊಡನೆ ಬಾಡಿಗೆಯನ್ನು ಹಂಚಿಕೊಂಡು ಮಗನ ಸಂಗಡ ಹೊರಡುತ್ತಾರೆ. ತಿರುವಿನಲ್ಲಿ ಎದುರಿನಿಂದ ಬಂದ ಜೀಪಿಗೂ ಈ ಕಾರಿಗೂ ಡಿಕ್ಕಿಯಾಗಿ ಮಗನ ಕಾಲು ಮುರಿಯುತ್ತದೆ. ಪೊಲೀಸರು ಬರುವುದಕ್ಕೆ ಮುಂಚೆಯೇ ಡ್ರೈವರು ಕೈಮುಗಿದು, "ಬಾಡಿಗೆ ಕೊಟ್ಟೆವೆಂದು ಹೇಳಬೇಡಿ ಸ್ವಾಮಿ, ನೆಂಟರೆಂದು ಹೇಳಿ" ಎನ್ನುತ್ತಾನೆ. ಆಗ ಆ ತಂದೆ ಏನು ಮಾಡತಕ್ಕದ್ದು? ಈ ತಿಂಗಳು ನಮ್ಮ ವಿಚಾರ ಇದೇ.

ಮೊದಲನೆಯದಾಗಿ, ಸುಮ್ಮನೆ ಕುಳಿತಿದ್ದ ಪ್ರಯಾಣಿಕನಿಗೆ ಡಿಕ್ಕಿಯಲ್ಲಿ ಯಾವ ತಪ್ಪೂ ಅಂಟುವುದಿಲ್ಲ. ಕಾರಿನವನು ಜೀಪಿನವನನ್ನೂ ಜೀಪಿನವನು ಕಾರಿನವನನ್ನೂ ದೂರುತ್ತಿದ್ದರೆ ಅವರ ವ್ಯಾಜ್ಯ ತೀರುವವರೆಗೂ ಗಾಯಗೊಂಡವನು ಕಾಯಬೇಕಾದುದಿಲ್ಲ. ಇಬ್ಬರ ಅಜಾಗರೂಕತೆಯೂ ಕೂಡಿ ಕೇಡಾದಾಗ, ಇಬ್ಬರಿಂದಲಾಗಲಿ ಅಥವಾ ಒಬ್ಬರಿಂದಲೇ ಆಗಲಿ ಪೂರ್ಣ ಪರಿಹಾರವನ್ನು ಪಡೆಯಬಹುದೆಂದು 2015ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ನಮ್ಮ ಕರ್ನಾಟಕದ ಹೈಕೋರ್ಟಿನ ಪೂರ್ಣಪೀಠವು ಅದಕ್ಕೂ ಮುಂಚೆ ಇದೇ ಅಭಿಪ್ರಾಯವನ್ನು ಕೊಟ್ಟಿದ್ದಿತು. ಕೊಟ್ಟವನು ಮತ್ತೊಬ್ಬನ ಪಾಲನ್ನು ಆಮೇಲೆ ವಸೂಲುಮಾಡಿಕೊಳ್ಳಲಿ. ಅದು ಅವರವರ ಲೆಕ್ಕ.

ಎರಡನೆಯ ಪ್ರಶ್ನೆ, ಹಣ ಯಾರ ಕೈಯಿಂದ ಬರಬೇಕೆಂಬುದು. ತಪ್ಪುಮಾಡಿದ ಡ್ರೈವರು, ಅವನನ್ನು ನೇಮಿಸಿದ ಮಾಲೀಕ, ಮಾಲೀಕನ ಪರವಾಗಿ ವಿಮಾ ಕಂಪನಿ, ಹೀಗೆ ಹೊಣೆಯು ಏರಿ ಹೋಗುವುದು. ಹಳದಿ ಬೋರ್ಡಿನ, ಪರ್ಮಿಟ್ಟುಳ್ಳ ವಾಹನದಲ್ಲಿ ಬಾಡಿಗೆ ಕೊಟ್ಟು ಕುಳಿತವನಿಗೆ ಕಡ್ಡಾಯದ ವಿಮೆಯೇ ರಕ್ಷಣೆ ಕೊಡುತ್ತದೆ. ಆದರೆ ಐದು ಜನರಿಗೆ ಪರ್ಮಿಟ್ಟಿರುವಲ್ಲಿ ಒಂಬತ್ತು ಜನರನ್ನು ತುರುಕಿದ್ದರೆ, ವಿಮೆಯ ಹೊಣೆ ಪರ್ಮಿಟ್ಟಿನ ಸಂಖ್ಯೆಗೇ ಮಿತವೆಂದು 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಹಣವನ್ನೇ ಎಲ್ಲರಿಗೂ ಹಂಚಿ, ಉಳಿದುದಕ್ಕೆ ಮಾಲೀಕನನ್ನು ಹಿಡಿಯಬೇಕು.

ಬಿಳಿಯ ಬೋರ್ಡಿನ ಸ್ವಂತದ ಕಾರು ಬಾಡಿಗೆಗೆ ಓಡಿದ್ದರೆ ಸಂಗತಿ ಬೇರೆ. ಅದು ವಿಮೆಯ ಷರತ್ತಿಗೆ ವಿರುದ್ಧ. ಡ್ರೈವರು ಕೈಮುಗಿದುದರ ಗುಟ್ಟು ಇದೇ. ಅವನ ಮಾತಿಗೆ ಮರುಗಿ ಒಪ್ಪುವವರು ಇದನ್ನು ಯೋಚಿಸಬೇಕು. ಆ ಕಾರಿಗೆ ಕಡ್ಡಾಯದ ಕನಿಷ್ಠ ವಿಮೆ ಮಾತ್ರ ಇದ್ದರೆ, ನೆಂಟನಾಗಿ ಕುಳಿತವನಿಗೆ ಅದರಿಂದ ಏನೂ ದೊರೆಯದು. ಸುಳ್ಳು ಹೇಳಿಯೂ ಬರಿಗೈ. ಸಮಗ್ರ ವಿಮೆ ಇದ್ದರೆ ಕಾರಿನೊಳಗಿನವರಿಗೂ ಅದು ಸಲ್ಲುವುದೆಂದು 2012ರ ತೀರ್ಪು ಉಂಟು. ಆದಕಾರಣ ಸುಳ್ಳಿಗೆ ಅಲ್ಲಿ ಆಸೆಯ ಎಡೆಯುಂಟು. ಆದರೆ ಬಾಡಿಗೆ ಗೊತ್ತುಮಾಡಿದ ಗುರುತು ಮೊಬೈಲಿನಲ್ಲಿಯೂ ಕಂಪನಿಯ ಲೆಕ್ಕದಲ್ಲಿಯೂ ಉಳಿದಿರುವುದು. ಅದು ಹೊರಬಿದ್ದ ದಿನ ಮುರಿದ ಕಾಲಿನ ನಿಜವನ್ನೂ ನ್ಯಾಯಾಧೀಶರು ಸಂಶಯದಿಂದ ನೋಡಿಯಾರು.

ನಿಜ ಹೇಳಿದವನಿಗೆ ದಾರಿಯೇ ಇಲ್ಲವೆಂದಲ್ಲ. ಪರ್ಮಿಟ್ಟಿಲ್ಲದ ಲಾರಿಯೊಂದರ ಮೊಕದ್ದಮೆಯಲ್ಲಿ, ವಿಮಾ ಕಂಪನಿಯು ಮೊದಲು ಪರಿಹಾರವನ್ನು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲುಮಾಡಿಕೊಳ್ಳಲೆಂಬ ಆಜ್ಞೆಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಎಲ್ಲ ಸಂದರ್ಭದಲ್ಲಿಯೂ ಹಾಗೆಯೇ ಆಗುವುದೆಂದು ನಾವು ಭರವಸೆ ಕೊಡಲಾರೆವು. ನಿಜದ ದಾರಿ ಕೆಲವು ವೇಳೆ ಸುತ್ತಿನದು. ಆದರೂ ನಡುವೆ ಕುಸಿಯತಕ್ಕದ್ದಲ್ಲ.

ಇನ್ನು ಕಾರನ್ನು ಗೊತ್ತುಮಾಡಿಸಿದ ಕಂಪನಿಯ ಮಾತು. "ನಾವು ನಡುವಣವರು ಮಾತ್ರ, ಡ್ರೈವರು ನಮ್ಮ ಆಳಲ್ಲ" ಎಂಬುದು ಲೋಕದಲ್ಲೆಲ್ಲ ಇಂಥವರು ಹೇಳುವ ಮಾತು. 2013ರ ಡಿಸೆಂಬರ್ 31ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಬಾಡಿಗೆಯ ಕರೆಯನ್ನು ಕಾಯುತ್ತಿದ್ದ ಕಾರೊಂದು ಬಡಿದು ಆರು ವರ್ಷದ ಹುಡುಗಿಯೊಬ್ಬಳು ಸತ್ತಳು. ಕಾರಿನಲ್ಲಿ ಆಗ ಪ್ರಯಾಣಿಕರಿರಲಿಲ್ಲವಾದುದರಿಂದ ತನಗೆ ಹೊಣೆಯಿಲ್ಲವೆಂದು ಕಂಪನಿ ವಾದಿಸಿತು. ಆ ರಾಜ್ಯವು 2014ರಲ್ಲಿ ಕಾಯಿದೆ ಮಾಡಿ, ಕರೆಗಾಗಿ ಕಾಯುವ ಹೊತ್ತಿಗೂ ವಿಮೆ ಇರತಕ್ಕದ್ದೆಂದು ವಿಧಿಸಿತು. ನಮ್ಮಲ್ಲಿ ಕರ್ನಾಟಕವು 2016ರಲ್ಲಿ ಇಂಥ ಕಂಪನಿಗಳಿಗೆ ನಿಯಮಗಳನ್ನು ಮಾಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯಿದೆಯೂ ಅವುಗಳನ್ನು ಲೈಸೆನ್ಸಿಗೆ ಒಳಪಡಿಸಿತು. ಆದಕಾರಣ ಅರ್ಜಿಯಲ್ಲಿ ಡ್ರೈವರು, ಮಾಲೀಕ, ವಿಮಾ ಕಂಪನಿಗಳೊಡನೆ ಇವರನ್ನೂ ಪ್ರತಿವಾದಿಗಳನ್ನಾಗಿ ಸೇರಿಸುವುದು ವಿವೇಕ.

ಗೃಹಸ್ಥರು ನೆನಪಿಡತಕ್ಕ ಕೆಲವು ಸಂಗತಿಗಳನ್ನು ಹೇಳಿ ಮುಗಿಸುವೆವು. ಗಾಯಾಳುವಿನ ಚಿಕಿತ್ಸೆ ಮೊದಲು: ಗೊತ್ತಾದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿನ ಚಿಕಿತ್ಸೆಯನ್ನು ಹಣ ಕೇಳದೆ ಮಾಡಬೇಕೆಂಬ ಯೋಜನೆಯನ್ನು ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳೊಳಗೆ ನ್ಯಾಯಮಂಡಲಿಗೆ ಕಳುಹಿಸತಕ್ಕದ್ದು. ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಬಾವಲಿಯ ಆಚೆ ಕೇರಳದ ನೆಲದಲ್ಲಿ ಅಪಘಾತವಾದರೂ ತಾವು ವಾಸಿಸುವ ಸ್ಥಳದ ನ್ಯಾಯಮಂಡಲಿಯಲ್ಲಿಯೇ ಅರ್ಜಿ ಹಾಕಬಹುದು. ಕಾಯಿದೆಯಲ್ಲಿ ಬರೆದ ಅವಧಿ ಆರು ತಿಂಗಳು, ಅದರೊಳಗೇ ಹಾಕಿಬಿಡಿ. ತಪ್ಪು ಯಾರದೆಂದು ರುಜುವಾತು ಮಾಡದೆಯೇ ಮರಣಕ್ಕೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿಗಳನ್ನು ಪಡೆಯುವ ದಾರಿಯೂ ಉಂಟು. ಆದರೆ ಅದನ್ನು ಒಪ್ಪಿ ಪಡೆದರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುವುದು; ವಕೀಲರನ್ನು ಕೇಳದೆ ರುಜು ಹಾಕಬೇಡಿ.

ಎಲ್ಲಕ್ಕಿಂತ ಸುಲಭವಾದ ಕೆಲಸ ಕಾರನ್ನು ಹತ್ತುವ ಮುಂಚಿನದು. ಬೋರ್ಡಿನ ಬಣ್ಣವನ್ನು ನೋಡಿ, ನಂಬರನ್ನು ಮನೆಯವರಿಗೆ ತಿಳಿಸಿ, ಬಾಡಿಗೆಯ ಗುರುತನ್ನು ಅಳಿಸದೆ ಇಟ್ಟುಕೊಂಡಿರಿ. ಹೊತ್ತು ಮೀರಿದ್ದರೆ ಆ ರಾತ್ರಿ ಕೋಟೆಯಲ್ಲಿಯೇ ತಂಗಿ, ಬೆಳಿಗ್ಗೆ ಆರಕ್ಕೆ ದಾರಿ ತೆರೆದ ಮೇಲೆ ಹೊರಟರಾಯಿತು.