ಸೌದಿ ಕೊಂಡ ಸೀಟಿನಲ್ಲಿ ಕೂತ ವಿಜ್ಞಾನಿ

2023ರ ಮೇ 21ರಂದು ಫ್ಲೋರಿಡಾದಿಂದ ಹಾರಿದ ಆಕ್ಸಿಯಂ-2 ಯಾನದ ನಾಲ್ವರಲ್ಲಿ ಸೌದಿ ಅರೇಬಿಯಾದ ರಯ್ಯಾನಾ ಬರ್ನಾವಿಯೂ ಒಬ್ಬರು. ಭೂಮಿಯ ಕಕ್ಷೆಗೇರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೆಲಸ ಮಾಡಿದ ಮೊದಲ ಅರಬ್ ಮಹಿಳೆ. ಹಿಂದಿನ ವರ್ಷ ಈಜಿಪ್ಟಿನ ಸಾರಾ ಸಬ್ರಿ ಬ್ಲೂ ಒರಿಜಿನ್ ರಾಕೆಟ್ಟಿನಲ್ಲಿ ಬಾಹ್ಯಾಕಾಶ ಮುಟ್ಟಿ ಕೆಲವೇ ನಿಮಿಷಗಳಲ್ಲಿ ಮರಳಿದ್ದರು. ಬಾಹ್ಯಾಕಾಶ ಮುಟ್ಟಿದ ಮೊದಲ ಅರಬ್ ಮಹಿಳೆ ಎಂಬ ಗೌರವ ಸಾರಾ ಅವರಿಗೇ ಸಲ್ಲಬೇಕು.

ಬರ್ನಾವಿ ಪ್ರಯಾಣದ ಬಗ್ಗೆ ಅಂದೇ ಎದ್ದ ಮೊದಲ ಆಕ್ಷೇಪ, ಅದು ಹಣಕೊಟ್ಟು ಕೊಂಡ ಸೀಟು ಎಂಬುದು. ಮಾತು ಸುಳ್ಳಲ್ಲ. ಆಕ್ಸಿಯಂ ಖಾಸಗಿ ಕಂಪನಿ, ಸೀಟು ಕೊಂಡದ್ದು ಸೌದಿ ಸರ್ಕಾರ. ಆದರೆ ಕೂತವರು ಯಾರೆಂದು ನೋಡಬೇಡವೇ? 1985ರಲ್ಲಿ ಡಿಸ್ಕವರಿ ಶಟಲ್ಲಿನಲ್ಲಿ ಹೋದ ಮೊದಲ ಅರಬ್ ಗಗನಯಾತ್ರಿ ಸುಲ್ತಾನ್ ಬಿನ್ ಸಲ್ಮಾನ್ ರಾಜಕುಮಾರ, ಆಗಿನ ದೊರೆಯ ತಮ್ಮನ ಮಗ. ಬರ್ನಾವಿ ಬಂದದ್ದು ಪ್ರಯೋಗಾಲಯದಿಂದ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ಓದಿ, ರಿಯಾದಿನ ಕಿಂಗ್ ಫೈಸಲ್ ಆಸ್ಪತ್ರೆಯ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಸ್ತನ ಕ್ಯಾನ್ಸರಿನ ಆಕರಕೋಶಗಳ ಮೇಲೆ ದುಡಿದವರು. ನಿಲ್ದಾಣದಲ್ಲೂ ಅವರ ಕೈಯಲ್ಲಿದ್ದದ್ದು ಅದೇ ಜಾತಿಯ ಕೆಲಸ: ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನ ರೋಗನಿರೋಧಕ ಕೋಶಗಳು ಉರಿಯೂತಕ್ಕೆ ಹೇಗೆ ಸ್ಪಂದಿಸುತ್ತವೆ ಎಂಬ ಪರೀಕ್ಷೆ.

ಎಂಟು ದಿನದಲ್ಲಿ ಎಂಥ ವಿಜ್ಞಾನ ಎಂದು ಕೇಳುವವರಿದ್ದಾರೆ. ದೊಡ್ಡ ಶೋಧಕ್ಕೆ ಅಷ್ಟು ಸಮಯ ಸಾಲದು, ಒಪ್ಪೋಣ. ಆದರೆ 2025ರಲ್ಲಿ ಇಸ್ರೊ ಕೂಡ ಇದೇ ಕಂಪನಿಯ ಸೀಟು ಕೊಂಡು ಶುಭಾಂಶು ಶುಕ್ಲಾ ಅವರನ್ನು ಕಳಿಸಿತು. ಧಾರವಾಡದ ವಿಜ್ಞಾನಿಗಳು ಕಟ್ಟಿಕೊಟ್ಟ ಹೆಸರು, ಮೆಂತ್ಯ ಬೀಜಗಳು ಅಲ್ಲಿ ಮೊಳೆತಾಗ ನಾವು ಹೆಮ್ಮೆಪಟ್ಟೆವು. ಧಾರವಾಡಕ್ಕೊಂದು ಅಳತೆ, ರಿಯಾದಿಗೊಂದು ಅಳತೆ ಇಟ್ಟುಕೊಳ್ಳುವುದು ನ್ಯಾಯವಲ್ಲ. ಇನ್ನೂ ಒಂದು ಮಾತು: ಗಗನಯಾನಕ್ಕೆ ನಾವು ಆರಿಸಿದ ನಾಲ್ವರಲ್ಲಿ ಒಬ್ಬ ಮಹಿಳೆಯೂ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರ. ಸೌದಿ ಮಹಿಳೆಯರಿಗೆ ಕಾರು ಓಡಿಸುವ ಅನುಮತಿ ಸಿಕ್ಕಿದ್ದೇ 2018ರ ಜೂನ್‌ನಲ್ಲಿ. ಅದಕ್ಕೂ ಒಂದು ತಿಂಗಳ ಮುಂಚೆ, ಆ ಹಕ್ಕಿಗಾಗಿ ಹೋರಾಡಿದ ಲೂಜೈನ್ ಅಲ್-ಹತ್ಲೂಲ್ ಅವರನ್ನು ಬಂಧಿಸಲಾಗಿತ್ತು. ಗಂಡಸು ಪೋಷಕನ ಒಪ್ಪಿಗೆಯಿಲ್ಲದೆ ವಯಸ್ಕ ಹೆಣ್ಣು ಪಾಸ್‌ಪೋರ್ಟ್ ಪಡೆಯುವಂತಾದದ್ದು 2019ರಲ್ಲಿ. 2022ರ ಆಗಸ್ಟ್‌ನಲ್ಲಿ, ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ ಮಾಡುತ್ತಿದ್ದ ಸಲ್ಮಾ ಅಲ್-ಶಿಹಾಬ್ ಅವರಿಗೆ ಟ್ವೀಟ್‌ಗಳಿಗಾಗಿ 34 ವರ್ಷ ಜೈಲು ವಿಧಿಸಲಾಯಿತು. ಮರುತಿಂಗಳೇ ಸೌದಿ ಗಗನಯಾತ್ರಿ ಕಾರ್ಯಕ್ರಮದ ಘೋಷಣೆ ಬಂತು, ಅದರಲ್ಲಿ ಮಹಿಳೆಯೊಬ್ಬರು ಇರುತ್ತಾರೆಂದು ಸಾರಲಾಯಿತು. ಆಳುವವರು ಬರ್ನಾವಿಯ ಮುಖವನ್ನು ತಮ್ಮ ಮುಖ ತೊಳೆಯಲು ಬಳಸಿಕೊಂಡರು ಎಂಬ ದೂರಿಗೆ ನನ್ನಲ್ಲಿ ಉತ್ತರವಿಲ್ಲ.

ಆದರೂ ಆ ದೂರನ್ನು ಬರ್ನಾವಿಯ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ನಿಲ್ದಾಣದಿಂದ ಅವರು ಸೌದಿ ಶಾಲಾಮಕ್ಕಳ ಜೊತೆ ಪ್ರಯೋಗ ನಡೆಸಿದರು. ನೋಡುತ್ತಿದ್ದ ಹುಡುಗಿಗೆ ಕಂಡದ್ದು ಸರ್ಕಾರದ ಜಾಹೀರಾತಲ್ಲ, ತನ್ನದೇ ಭಾಷೆಯಲ್ಲಿ ಮಾತಾಡುವ ವಿಜ್ಞಾನಿ. ಅವರ ದುಡಿಮೆ ಅವರದು. ಉತ್ತರ ಕೊಡಬೇಕಾದವರು ಅವರನ್ನು ಕಳಿಸಿದವರು.

ಮೇ 30ರ ರಾತ್ರಿ ಬರ್ನಾವಿ ಫ್ಲೋರಿಡಾದ ಕಡಲಿಗೆ ಸುರಕ್ಷಿತವಾಗಿ ಇಳಿದರು. ಸಲ್ಮಾ ಆಗ ಜೈಲಿನಲ್ಲಿದ್ದರು. ಅವರ ಬಿಡುಗಡೆಯಾದದ್ದು 2025ರ ಫೆಬ್ರವರಿಯಲ್ಲಿ.