ಮೊದಲನೇ ಡಿಕಾಕ್ಷನ್ ಯಾರ ಪಾಲು?

ಒಳ್ಳೆ ಕಾಪಿ ಮಾಡೋದು ಕಲೀಬೇಕು ಅಂದ್ರೆ ಮಾಡೋರು ಮೊದ್ಲು ಒಳ್ಳೆ ಕಾಪಿ ಕುಡೀಬೇಕು. ಇಷ್ಟು ಸಣ್ಣ ಮಾತಿಗೆ ಇಷ್ಟುದ್ದ ಬರೀಬೇಕಾ ಅಂತೀರೇನೋ. ನಮ್ಮ ಕ್ಯಾಲನೂರು ಕಡೆ ಫಿಲ್ಟರ್ ಇರೋ ಮನೆಗಳಲ್ಲಿ ಬೆಳಿಗ್ಗೆ ಆರು ಗಂಟೆಗೆ ಯಾರ ಲೋಟಕ್ಕೆ ಏನು ಬೀಳ್ತದೆ ಅಂತ ಒಂದು ದಿನ ನೋಡಿ. ಮೊದಲನೇ ಡಿಕಾಕ್ಷನ್ ಮಾವನೋರಿಗೆ, ಗಂಡಸ್ರಿಗೆ, ಬಂದ ನೆಂಟ್ರಿಗೆ. ಅದೇ ಚರಟದ ಮೇಲೆ ಇನ್ನೊಂದು ಸಲ ನೀರು ಹುಯ್ದು ಇಳಿಸಿದ್ದು ಹೆಂಗಸ್ರಿಗೆ. ಮೂರನೇದು ತೋಟಕ್ಕೆ ಬಂದ ಕೂಲಿಯೋರಿಗೆ. ಕಾಪಿ ಕಾಸಿದೋಳು ಎಲ್ರಿಗೂ ಕೊಟ್ಟು, ಹಸ ಕರೆದು, ಡೈರಿಗೆ ಹಾಲು ಕಳ್ಸಿ, ಆರಿಹೋಗಿದ್ದನ್ನ ಮತ್ತೆ ಕುದಿಸ್ಕೊಂಡು ನಿಂತ್ಕೊಂಡೇ ಕುಡೀತಾಳೆ. ಬಣ್ಣ ಒಂದು ಬಿಟ್ರೆ ಅದ್ರಲ್ಲಿ ಕಾಪಿ ಅನ್ನೋದು ಏನೂ ಇರಲ್ಲ.

ಅಂಥೋಳಿಗೆ ‘ಇವತ್ತು ಕಾಪಿ ಸಪ್ಪೆ’ ಅಂದ್ರೆ ಏನು ತಿಳೀಬೇಕು ಹೇಳಿ? ಸಾರಿಗೆ ಉಪ್ಪು ಕಮ್ಮಿ ಅಂದ್ರೆ ತಿಳೀತದೆ, ಅದೇ ಸಾರು ಅವಳೂ ಉಣ್ತಾಳೆ. ಕಾಪಿ ಹಂಗಲ್ಲ. ಡೈರೀಲಿ ಹಾಲಿಗಾದ್ರೂ ಫ್ಯಾಟು ನೋಡಿ ಇಷ್ಟು ಅಂತ ಹೇಳ್ತಾರೆ.

ಈಗ ಪೇಪರಲ್ಲಿ, ಫೋನಲ್ಲಿ ನೋಡಿದ್ರೆ ಒಳ್ಳೆ ಕಾಪಿಗೆ ಮಿಷನ್ ಬೇಕು, ತೂಕದ ತಕ್ಕಡಿ ಬೇಕು ಅಂತಾರೆ. ನನಗೆ ಒಪ್ಪಿಗೆ ಇಲ್ಲ. ದೇಶದಲ್ಲಿ ಬೆಳೆಯೋ ಕಾಪೀಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ಕರ್ನಾಟಕದ್ದೇ. ಕೋಲಾರದ ಪೇಟೇಲಿ ಕಣ್ಣೆದುರಿಗೇ ಬೀಜ ಪುಡಿ ಮಾಡ್ಕೊಡೋ ಅಂಗಡಿ ಅವೆ. ಕಾಲು ಕೇಜಿ ತಂದು ತಿಂಗಳುಗಟ್ಲೆ ಇಡೋ ಬದ್ಲು 100 ಗ್ರಾಂ ತನ್ನಿ, ಬಿಗಿ ಮುಚ್ಚಳದ ಡಬ್ಬೀಲಿ ಹಾಕಿ, ಇಂಗು, ಸಾರಿನ ಪುಡಿ ಪಕ್ಕದಿಂದ ದೂರ ಇಡಿ. ಪ್ಯಾಕೆಟ್ಟಿನ ಪುಡಿ ತರೋದಾದ್ರೆ ಅದ್ರ ಮೇಲೆ ಬರೆದಿರೋದು ಓದಿ. ಚಿಕೋರಿ ಬೆರೆಸಿದ್ದಾದ್ರೆ ಕಾಪಿ ಎಷ್ಟು, ಚಿಕೋರಿ ಎಷ್ಟು ಅಂತ ಹಾಕ್ಲೇಬೇಕು. ಕಾಪಿ 51 ಪಾಲಿಗಿಂತ ಕಮ್ಮಿ ಇರಂಗಿಲ್ಲ ಅಂತ ಕಾನೂನೇ ಐತೆ. ಅಂದ್ರೆ ಹೆಚ್ಚೂ ಕಮ್ಮಿ ಅರ್ಧ ಬೇರು ಇದ್ರೂ ಕಾನೂನಿಗೆ ಸರಿನೇ! ಚಿಕೋರಿ ಅಂದ್ರೆ ಒಂದು ಗಿಡದ ಬೇರು ಹುರಿದ ಪುಡಿ, ಬಣ್ಣ ಕೊಡ್ತದೆ, ಮಂದ ಕೊಡ್ತದೆ, ಕಾಪಿ ಘಮ ಕೊಡಲ್ಲ. ನಮ್ಮನೇಲಿ 80ಕ್ಕೆ 20 ಹಾಕಿಸ್ತೀವಿ, ಅಷ್ಟು ಸಾಕು.

ನಮ್ಮ ಕಡೆ ನಿಜವಾದ ತಕರಾರು ನೀರಿಂದು. ವರ್ಷಪೂರ್ತಿ ಹರಿಯೋ ಹೊಳೆ ಇಲ್ಲದ ಜಿಲ್ಲೆ ನಮ್ದು, ಸಾವಿರ ಅಡಿಗೂ ಕೆಳಗಿಂದ ಎತ್ತಿದ ಬೋರಿನ ಗಡಸು ನೀರು. (2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರ್ತಾ ಐತೆ. ಆ ಜಗಳ ಬೇರೇದು, ಇಲ್ಲಿ ಬೇಡ.) ಆ ಗಡಸು ನೀರಲ್ಲಿ ಪಾತ್ರೆಗೆ ಬಿಳೀ ಪೊರೆ ಕಟ್ತದೆ, ಕಾಪಿ ಸೊಗಡು ಮಂಕಾಗ್ತದೆ. ಕುಡಿಯೋಕೆ ತರೋ ಕ್ಯಾನಿನ ನೀರನ್ನೇ ಡಿಕಾಕ್ಷನ್ನಿಗೂ ಹಾಕಿ. ಫಿಲ್ಟರಿನ ತೂತು ಕಟ್ಕೊಂಡ್ರೆ ನಿಂಬೆಹಣ್ಣಿನ ರಸ ಹಾಕಿದ ಬಿಸಿನೀರಲ್ಲಿ ಒಂದು ಗಂಟೆ ಬಿಡಿ.

ಮಾಡೋದು ಕಷ್ಟ ಏನಿಲ್ಲ. ದೊಡ್ಡ ಚಮಚೇಲಿ ಗುಪ್ಪೆಯಾಗಿ ಮೂರು ಚಮಚ ಪುಡಿ, ಮೆತ್ತಗೆ ಅದುಮಿ, ಒಂದು ಲೋಟ ನೀರು. ನೀರು ಮರಳಿದ ಮೇಲೆ ಇಳಿಸಿ, ಅರ್ಧ ನಿಮಿಷ ಬಿಟ್ಟು ನಿಧಾನಕ್ಕೆ ಹುಯ್ಯಿ. ಕಾಲು ಗಂಟೆ ಅದ್ರ ಪಾಡಿಗೆ ಬಿಡಿ, ತಟ್ಟಬೇಡಿ. ಇಳಿದ ಡಿಕಾಕ್ಷನ್ನನ್ನ ಒಲೆ ಮೇಲೆ ಇಡಲೇಬೇಡಿ, ಕುದ್ರೆ ಕಹಿ ಒಂದೇ ಉಳೀತದೆ. ಹಾಲು ಬಿಸಿ ಇದ್ರೆ ಸಾಕು.

ಎಲ್ರಿಗೂ ಮೊದಲನೇದೇ ಕೊಟ್ರೆ ಪುಡಿ ಎಲ್ಲಿಂದ ತರೋದು ಅಂತ ನಮ್ಮತ್ತೆ ಕೇಳಿದ್ರು. ಸರಿಯಾದ ಮಾತೇ. ಪುಡಿ ರೇಟು ನಮಗೂ ಗೊತ್ತಿಲ್ವಾ? ಅದಕ್ಕೆ ಮೂರನೇ ಸಲ ನೀರು ಹುಯ್ಯೋದು ಬಿಟ್ವಿ. ಮೊದಲನೇದು, ಎರಡನೇದು ಎರಡೂ ಒಂದೇ ಪಾತ್ರೇಲಿ ಬೆರೆಸಿ, ಲೋಟ ಒಂಚೂರು ಚಿಕ್ಕದು ಮಾಡಿ, ಮನೆಯೋರಿಗೂ ತೋಟದೋರಿಗೂ ಅದೇ ಕಾಪಿ. ಮಾವನೋರು ನಾಲ್ಕು ದಿನ ಗೊಣಗಿದ್ರು, ಆಮೇಲೆ ಸುಮ್ಮನಾದ್ರು. ಕೂಲಿಯೋರಿಗೆ ಬೇರೆ ಲೋಟ ಇಡೋ ಮನೆಗಳು ಇನ್ನೂ ಅವೆ. ಡಿಕಾಕ್ಷನ್ ಬೇರೆ ಅನ್ನೋದು ಅದ್ರ ತಂಗಿ ಅಂತ ನಾನು ಹೇಳಿದ್ರೆ ಕೆಲವ್ರಿಗೆ ಕೋಪ ಬರ್ತದೆ. ಬರ್ಲಿ.

ಅತ್ತೆ ಮಾತ್ರ ಮೊದಮೊದ್ಲು ಕುಡೀಲೇ ಇಲ್ಲ. “ಇದು ಗಟ್ಟಿ ಆಯ್ತು ಕಣಮ್ಮಾ, ನನಗೆ ನೀರಿಂದೇ ಅಬ್ಯಾಸ” ಅಂತ ಬಿಸಿನೀರು ಬೆರೆಸ್ಕೊಳ್ಳೋರು. ನಲವತ್ತು ವರ್ಷ ಆ ಮನೆಗೆ ಕಾಪಿ ಕಾಸಿದೋರು! ಒಂದು ತಿಂಗಳು ಹಿಡೀತು. ನೀರು ಕಮ್ಮಿ ಆಯ್ತು, ಆಮೇಲೆ ಸಕ್ಕರೆ ಕಮ್ಮಿ ಆಯ್ತು. ಹೋದ ವಾರ ಪುಡಿ ತರೋಕೆ ಇಬ್ರೂ ಕೋಲಾರಕ್ಕೆ ಹೋಗಿದ್ವಿ. ಅಂಗಡಿಯೋನು ಬೀಜ ಮಿಷನ್ನಿಗೆ ಸುರಿಯೋಕೆ ಮುಂಚೆ ಅತ್ತೆ ನಾಲ್ಕು ಬೀಜ ಅಂಗೈಗೆ ಇಸ್ಕೊಂಡು ಮೂಸಿ ನೋಡಿ, “ಇದು ಸೀದೈತೆ ಕಣಪ್ಪಾ, ಬೇರೇದು ತಗಿ” ಅಂದ್ರು.